ಕೊಕ್ಕೆ ಬಿಚ್ಚಿದ ಸರಪಳಿ

ನಮ್ಮಕ್ಕ ಗಿಡದ ಬೇಲಿ ಕತ್ತರಿಸುವ ಕೆಲಸದವಳು. ಮೊದಲು ಭಾವ ಮಾಡುತ್ತಿದ್ದರು. ಹೋದ ವರ್ಷ ನಾಲ್ಕು ಕಾಲಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಏಣಿ ವಾಲಿದ್ದನ್ನು ಕಂಡು ಕೆಳಗಿದ್ದ ನಾನು "ಏಯ್!" ಅಂತ ಕಿರುಚಿದ್ದೆ. ಅವರು ಬೆಚ್ಚಿ ತಿರುಗಿದರು, ಅಷ್ಟೇ. ನನ್ನ ಬಾಯಿ ಅಂಥದ್ದು. ಮನೆಯಲ್ಲಿ ಯಾರೂ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಇತ್ತು.

ಮಾರನೇ ತಿಂಗಳೇ ಅಕ್ಕ ಆ ದೊಡ್ಡ ಕತ್ತರಿ ಹಿಡಿದಳು. ಐವತ್ತು ದಾಟಿದ ಹೆಂಗಸು. ದಾರ ಕಟ್ಟಿ ನೋಡುವುದಿಲ್ಲ, ಕಣ್ಣಳತೆಯಲ್ಲೇ ಬೇಲಿಯ ತಲೆಯನ್ನು ಮೇಜಿನ ಹಾಗೆ ಸಪಾಟು ಮಾಡುತ್ತಾಳೆ. ಎತ್ತರದ ಬೇಲಿ ಬಂದರೆ ಮಾತ್ರ ಕೆಳಗೆ ನಿಂತ ನಾನು ಏಣಿಯಿಂದ ಕಣ್ಣು ಕೀಳುವುದಿಲ್ಲ.

ಮೊನ್ನೆ ಮೂರು ಕಾಲಿನ ಏಣಿ ಕೊಳ್ಳಲು ಹೋದೆವು. ಮುಂದೆ ಮೆಟ್ಟಿಲಿರುವ ಎರಡು ಕಾಲು, ಹಿಂದೆ ಒಂಟಿ ಕಾಲು, ಅದು ಜಾರದಂತೆ ಹಿಡಿಯಲು ನಡುವೆ ಒಂದು ಸರಪಳಿ. ಅಂಗಡಿಯವನು ಎರಡು ತೋರಿಸಿದ. ಒಂದರ ಸರಪಳಿ ಎರಡೂ ತುದಿಗೆ ಬೆಸೆದದ್ದು. ಇನ್ನೊಂದಕ್ಕೆ ಕೊಕ್ಕೆ, ಬಿಚ್ಚಿದರೆ ಒಂಟಿ ಕಾಲನ್ನು ಗಿಡದ ಸಂದಿಗೆ ಸಲೀಸಾಗಿ ತೂರಿಸಿ, ಮತ್ತೆ ಸಿಕ್ಕಿಸಬಹುದು.

"ಕೊಕ್ಕೆಯದೇ ಇರಲಿ," ಅಂದಳು ಅಕ್ಕ.

"ಬೆಸೆದದ್ದು ತಗೊಳ್ಳೇ."

"ಹತ್ತೋಳು ನಾನೋ, ನೀನೋ?"

ಅಂಗಡಿಯವನು ನಕ್ಕ. "ಹಿತ್ತಲಲ್ಲಿ ನಮ್ಮದೇ ಬೇಲಿ ಇದೆ, ಹತ್ತಿ ನೋಡಿ ಅಕ್ಕಾವ್ರೇ. ಹಾಗೇ ಕತ್ತರಿಸಿ ಕೊಟ್ರೂ ನನಗೇನೂ ಬೇಜಾರಿಲ್ಲ."

ಅಕ್ಕ ಕೊಕ್ಕೆ ಬಿಚ್ಚಿ, ಕಾಲು ತೂರಿಸಿ, ಸರಸರ ಹತ್ತಿದಳು. ಏಳನೇ ಮೆಟ್ಟಿಲಲ್ಲಿ ಎರಡೂ ಕೈ ಬಿಟ್ಟು ಬೇಲಿಯ ತುದಿ ಎಟುಕಿಸಿಕೊಂಡಳು. ಆಗ ನೋಡಿದೆ. ಸರಪಳಿ ನೇತಾಡುತ್ತಿತ್ತು. ಕೊಕ್ಕೆ ಮತ್ತೆ ಹಾಕಲು ಮರೆತಿದ್ದಳು. ಒಂಟಿ ಕಾಲು ಯಾವುದೋ ಬೇರಿಗೆ ತಾಗಿಕೊಂಡು ನಿಂತಿತ್ತು, ಅಷ್ಟೇ ಆಧಾರ.

ಕೂಗು ಗಂಟಲಿಗೆ ಬಂದೇಬಿಟ್ಟಿತು. ನುಂಗಿದೆ. ಏಣಿ ಮುಟ್ಟಲೂ ಭಯ, ಎಲ್ಲಿ ಅಲುಗಿಬಿಡುತ್ತದೋ ಅಂತ.

"ಅಕ್ಕಾ, ಮೆಲ್ಲಗೆ ಕೆಳಗೆ ಬರ್ತೀಯಾ? ಅವಸರ ಏನಿಲ್ಲ."

"ಯಾಕೋ, ಜ್ವರ ಬಂತಾ? ಇಷ್ಟು ಮೆತ್ತಗೆ ಮಾತಾಡ್ತಿದ್ದೀಯ!"

"ಹೂಂ ಕಣೇ. ತಲೆ ಸುತ್ತುತ್ತಿದೆ. ಬಾ."

ಒಂದೊಂದು ಮೆಟ್ಟಿಲನ್ನೂ ಎಣಿಸಿದೆ. ಮೂರನೆಯದರಲ್ಲಿ ಏಣಿ ಕಿರ್ ಅಂದಿತು. ಅವಳು ನೆಲ ಮುಟ್ಟಿದ ಮೇಲೆ ಸರಪಳಿ ತೋರಿಸಿದೆ. ಅಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

"ಅವತ್ತೂ ಹೀಗೇ ಕರೆದಿದ್ರೆ..." ಅಂದಳು. ನಾನು ಏಣಿಯ ಒಂಟಿ ಕಾಲನ್ನು ಬೇಲಿಯಿಂದ ಹೊರಗೆಳೆದೆ.

ಅಕ್ಕ ಎದ್ದು, "ಬೆಸೆದದ್ದೇ ಕೊಡಿ," ಅಂದಳು ಅಂಗಡಿಯವನಿಗೆ.

ಏಣಿಯನ್ನು ನಾನೇ ಹೊತ್ತೆ. ಮನೆ ಮುಟ್ಟುವ ತನಕ ಸರಪಳಿ ಗಲಗಲ ಅನ್ನುತ್ತಲೇ ಇತ್ತು.