ಮಹಡಿಯವರು ಬರೆಯದ ಸಾಲು

ನೆನೆಸಿದ ಅವರೆಕಾಳು ಹಿಚುಕುವಾಗ ಮಹಡಿಯವರ ಹೆಬ್ಬೆರಳು ಆತುರಪಡುತ್ತಿರಲಿಲ್ಲ. ಕಾಳನ್ನು ಬೆಳಕಿಗೆ ತಿರುಗಿಸಿ, ಹುಳು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಒತ್ತುವುದು. ನಾನೋ, ನೋಡದೆ ಹಿಚುಕಿ ಗುಡ್ಡೆ ಹಾಕುವವಳು. "ಬೇಯಿಸಿದ್ರೆ ಯಾವ ಹುಳಾನೂ ಕಾಣಲ್ಲ ಬಿಡಿ" ಎಂದರೆ, "ಕಾಣಲ್ಲ ಅಷ್ಟೆ ಕಣ್ರೀ, ಇರುತ್ತೆ" ಎನ್ನುತ್ತಿದ್ದರು.

ಮೊನ್ನೆ ಒಬ್ಬಳೇ ಹಿಚುಕುತ್ತ ಕೂತಿದ್ದಾಗ ಅವರ ಹಳೆಯ ಆಫೀಸಿನ ಮೇಲಧಿಕಾರಿಯ ಫೋನು ಬಂತು.

ಕೆಂಪಾಪುರದ ನಮ್ಮ ಮನೆಯ ಮಹಡಿಯಲ್ಲಿ ಅವರೊಬ್ಬರೇ ಬಾಡಿಗೆಗಿದ್ದರು. ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಲ್ಯಾಬಿನಿಂದ ಆಸ್ಪತ್ರೆಗಳಿಗೆ ತಲುಪಿಸುವ ಪ್ರೋಗ್ರಾಂ ಬರೆಯುವ ಕೆಲಸ. ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದು, "ಕಾಳು ಕೊಡಿ, ಕೈ ಆಡಿದ್ರೆ ತಲೆ ಓಡುತ್ತೆ" ಎಂದು ಕೂರುವರು.

ಹೋದ ಅವರೆಕಾಲದಲ್ಲಿ ಆ ಪ್ರೋಗ್ರಾಂ ನಿಂತೇಹೋಯಿತು. ಆಫೀಸಿನಲ್ಲಿ ಹೊಸ ಪ್ರಾಕ್ಸಿ ಸರ್ವರ್ ಕೂರಿಸಿದ್ದರಂತೆ.

"ಏನ್ರೀ ಹಂಗಂದ್ರೆ?"

"ಗೇಟಿನ ವಾಚ್‌ಮನ್ ಇದ್ದಂಗೆ. ಹೋಗೋ ಬರೋ ಪಾರ್ಸಲ್ ಎಲ್ಲಾ ಬಿಚ್ಚಿ ನೋಡಿ, ತನ್ನ ಸೀಲ್ ಹಾಕಿ ಬಿಡ್ತಾನೆ. ನನ್ನ ಪ್ರೋಗ್ರಾಂಗೆ ಆ ಸೀಲ್ ಪರಿಚಯ ಇಲ್ಲ, ಅದಕ್ಕೇ ಬೇಡ ಅಂತಿದೆ. ಅಸಲಿ ಸೀಲ್ ಇದೇ ಅಂತ ತೋರಿಸ್ಬೇಕು. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಕೊಡೋಕೆ ನೆಟ್‌ವರ್ಕ್‌ನೋರು ಸತಾಯಿಸ್ತಿದಾರೆ."

ಅಷ್ಟರಲ್ಲಿ ಅವರ ಫೋನಿನ ಸ್ಪೀಕರಿನಲ್ಲಿ ಮೇಲಧಿಕಾರಿಯ ದನಿ. "ಮೇಡಂ, ಚೆಕ್ ಮಾಡೋದನ್ನೇ ಆಫ್ ಮಾಡಿ. ಒಂದ್ ಲೈನ್, ಮುಗೀತು."

"ಆಫ್ ಮಾಡಿದ್ರೆ ಯಾರ್ ಸೀಲ್ ಹಾಕಿದ್ರೂ ಒಳಗ್ ಬರುತ್ತೆ ಸರ್. ಜನರ ಕಾಯಿಲೆ ವಿಷ್ಯ ಇದು."

"ಪ್ರವಚನ ಸಂಜೆ ಕೇಳ್ತೀನಿ ಬಿಡಿ."

ಆ ಕಡೆ ಯಾರೋ ನಕ್ಕರು. ಇವರು ಬರೆಯದ ಸಾಲನ್ನು ಬೇರೆಯವರ ಕೈಲಿ ಬರೆಸಿದರು. ನಿಧಾನ ಎಂಬ ಹಣೆಪಟ್ಟಿ ಅಂಟಿಸಿ ಇವರನ್ನು ಕೆಲಸದಿಂದ ತೆಗೆದರು. ಆಮೇಲೆ ಎಲ್ಲೂ ಕೆಲಸ ಕೂಡಿಬರಲಿಲ್ಲ. ಮಳೆಗಾಲದಲ್ಲಿ ಡೆಂಗ್ಯೂ ಬಂತು, ಉಳಿಯಲಿಲ್ಲ. ಹೆಚ್ಚು ನರಳಿಸದೆ ದೇವರು ಕರೆದುಕೊಂಡ. ಕೊನೆಯ ತುತ್ತು ನನ್ನ ಕೈಯ ಗಂಜಿ. ಅಷ್ಟು ದಯೆಗೆ ದಿನವೂ ದೀಪ ಹಚ್ಚುತ್ತೇನೆ. ಆ ನಗುವನ್ನು ಕ್ಷಮಿಸುವ ಮನಸ್ಸನ್ನೂ ಅವನೇ ಕೊಡಬೇಕು, ಇನ್ನೂ ಕೊಟ್ಟಿಲ್ಲ.

ಮೊನ್ನೆ ಫೋನಿನಲ್ಲಿದ್ದದ್ದು ಅದೇ ದನಿ. ತುರ್ತಿಗೆಂದು ಮಹಡಿಯವರು ಆಫೀಸಿಗೆ ಕೊಟ್ಟಿದ್ದು ನನ್ನ ನಂಬರು.

"ಮೇಡಂ, ರಿಪೋರ್ಟೆಲ್ಲಾ ಮಧ್ಯದಲ್ಲಿ ಯಾರೋ ಓದ್ಬಿಟ್ಟಿದಾರೆ, ದೊಡ್ಡ ಗಲಾಟೆ ಆಗಿದೆ. ಅವ್ರನ್ನ ವಾಪಸ್ ಕರೀತಿದೀವಿ ಅಂತ ಹೇಳಿ. ಅವ್ರು ಹೇಳ್ದಂಗೇ ಮಾಡೋಣ."

"ಅವರು ತೀರಿಕೊಂಡ್ರು. ಮಳೆಗಾಲದಲ್ಲೇ."

"ಅಯ್ಯೋ... ಅವ್ರ ಲ್ಯಾಪ್‌ಟಾಪ್ ಏನಾದ್ರೂ ನಿಮ್ಮನೇಲಿದ್ಯಾ?"

ಫೋನು ಇಟ್ಟೆ. ಪಾತ್ರೆಯಲ್ಲಿ ಇನ್ನೂ ಅರ್ಧ ಕಾಳಿತ್ತು. ಕಿಟಕಿಯ ಬೆಳಕಿಗೆ ಒಂದೊಂದನ್ನೇ ತಿರುಗಿಸಿ ನೋಡಿ, ಹಿಚುಕತೊಡಗಿದೆ.