ಅಕ್ಕ ಕ್ಷಮಿಸಲಿಲ್ಲ

ಅಕ್ಕನ ಎಡಹುಬ್ಬು ಎರಡು ತುಂಡಾಗಿತ್ತು. ನಡುವೆ ಕೂದಲು ಬೆಳೆಯದ ಒಂದು ಗೆರೆ; ಸಿಟ್ಟು ಬಂದಾಗ ಅದು ಕೆಂಪಗಾಗುತ್ತಿತ್ತು. ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದಾಗ ಫೋಟೊದವನು, "ಅದು ಕಾಣದಂಗೆ ಮಾಡ್ಕೊಡ್ತೀನಿ ಮೇಡಂ" ಅಂದ. "ಬ್ಯಾಡಪ್ಪ, ಅದು ಕಾಣ್ಲೇಬೇಕು" ಅಂದರು.

ಬೇತಮಂಗಲದ ಹತ್ತಿರದ ನಮ್ಮೂರಲ್ಲಿ ಅವರ ಮನೆಯೂ ನಮ್ಮ ಮನೆಯೂ ಊರಾಚೆಯ ಕೇರಿಯಲ್ಲಿದ್ದವು. ಅಕ್ಕನ ಅಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿ ದುಡಿದು ಒಂದು ಹಸು ತಂದಿದ್ದರು. ಒಂಬತ್ತು ವರ್ಷದ ಅಕ್ಕ ಅವ್ವನ ಜೊತೆ ಮೊದಲ ದಿನದ ಹಾಲು ಹಿಡಿದು ಊರ ಡೇರಿಗೆ ಹೋದರು.

"ನಿಮ್ಮ ಹಾಲು ಬೆರೆಸಿದ್ರೆ ಊರವರು ಯಾರಮ್ಮಿ ಹಾಕ್ತಾರೆ?" ಎಂದು ಡೇರಿಯ ಕಾರ್ಯದರ್ಶಿ ಹಾಲನ್ನು ನೆಲಕ್ಕೆ ಸುರಿದ. ಪಾತ್ರೆಗೆ ಕೈಚಾಚಿದ ಹುಡುಗಿಯ ಮುಖಕ್ಕೆ ಅದನ್ನೇ ಎಸೆದ.

"ರಕ್ತ ನೆಪ್ಪಿಲ್ಲ ಕಣೇ" ಎನ್ನುತ್ತಿದ್ದರು ನನಗೆ. "ಅವ್ವ ಕೂತ್ಕಂಡು ಮಣ್ಣಲ್ಲಿ ಹಾಲು ಬಾಚ್ತಾ ಇದ್ಲಲ್ಲ, ಅದು ನೆಪ್ಪದೆ."

ಆಮೇಲೆ ಅವ್ವ ದಿನಾ ಬಸ್ಸು ಹತ್ತಿ ಬಂಗಾರಪೇಟೆಯ ಹೋಟೆಲಿಗೆ ಹಾಲು ಹಾಕಿದಳು. ಅಲ್ಲಿ ಯಾರ ಹಾಲೆಂದು ಯಾರೂ ಕೇಳಲಿಲ್ಲ.

ಅಧ್ಯಕ್ಷೆಯಾದ ವಾರದಲ್ಲೇ ಅಕ್ಕ, ಕೇರಿಯ ಹಾಲನ್ನು ಡೇರಿ ಇನ್ನೂ ಮುಟ್ಟುವುದಿಲ್ಲವೆಂದು ತಾಲ್ಲೂಕು ಕಚೇರಿಗೆ ದೂರು ಕೊಟ್ಟರು. ಅಧಿಕಾರಿಗಳು ಬರುವ ತನಕ ಬಿಡಲಿಲ್ಲ. ಅವರೆದುರೇ ಮುದುಕಿಯಾಗಿದ್ದ ಅವ್ವನನ್ನು ಡೇರಿಯ ಸಾಲಿನಲ್ಲಿ ಮೊದಲು ನಿಲ್ಲಿಸಿದರು. ಅವ್ವನ ಹಾಲು ಕ್ಯಾನಿಗೆ ಬಿತ್ತು. ನಿವೃತ್ತನಾಗಿ ತನ್ನ ಮನೆಯ ಹಾಲು ತರುತ್ತಿದ್ದ ಆ ಕಾರ್ಯದರ್ಶಿ ಅದನ್ನು ನೋಡಿ ವಾಪಸ್ಸು ಹೋಗಿ ಹಾಲನ್ನು ಚರಂಡಿಗೆ ಚೆಲ್ಲಿದ. ಮೂರು ದಿನ ಚೆಲ್ಲಿದ.

ಊರ ಹಿರಿಯರು ಬಂದರು. "ನಿಮ್ಮ ಕೇರಿ ಹಾಲಿಗೆ ಬೇರೆ ಕ್ಯಾನ್ ಇಡ್ಸಮ್ಮ. ಕಾರ್ಯದರ್ಶಿಗಳು ವಯಸ್ಸಾದೋರು."

"ನಮ್ಮವ್ವಂಗೂ ವಯಸ್ಸಾಗದೆ. ಚೆಲ್ಲಲಿ ಬಿಡಿ. ಈ ಊರಿನ ನೆಲ ಹಾಲು ಕುಡಿಯೋದು ಹೊಸದಲ್ಲ."

ನಾಲ್ಕನೆಯ ದಿನ ಅವನು ಬಂದು ಅವ್ವನ ಹಿಂದೆ ನಿಂತ. ಅಕ್ಕ ಎದುರಿಗೇ ಕುರ್ಚಿ ಹಾಕಿಸಿಕೊಂಡು, ಅವನ ಸರದಿ ಮುಗಿಯುವ ತನಕ ನೋಡುತ್ತ ಕೂತಿದ್ದರು. ನನಗೆ ಒಂದು ಥರ ಆಯಿತು.

"ಸಾಕಲ್ವಾ ಅಕ್ಕ, ಕ್ಷಮಿಸಿಬಿಡಿ" ಅಂದೆ.

"ಕ್ಷಮಿಸಿದ್ರೆ ನಿದ್ದೆ ಬತ್ತದೆ. ನಾನು ಮಲಗಿದ್ರೆ ಸುಡುಗಾಡಿನ ದಾರಿ ಕೇಳೋರ್ಯಾರೇ?"

ನಮ್ಮ ಕೇರಿಯ ಹೆಣಗಳು ದೊಡ್ಡ ಬೀದಿಯಲ್ಲಿ ಹೋಗುವಂತಿರಲಿಲ್ಲ. ಕೆರೆ ಏರಿಯ ಮೇಲೆ ಸುತ್ತಿ ಹೋಗಬೇಕಿತ್ತು. ಆ ಜಗಳ ಮುಗಿಯುವ ಮೊದಲೇ ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್ ಬಂತು. ಕೊನೆಯ ವಾರ ನನ್ನ ಕೈ ಹಿಡಿದು ಹೇಳಿದರು: "ನನ್ನನ್ನ ದೊಡ್ಡ ಬೀದೀಲೇ ಎತ್ಕಂಡೋಗ್ರಿ. ತಡೆದ್ರೆ ಇಳಿಸಿ ಅಲ್ಲೇ ಕೂತ್ಕಳ್ರಿ. ನಂಗೇನು ಅರ್ಜೆಂಟಿಲ್ಲ."

ಕಳೆದ ವರ್ಷ ಹಾಗೇ ಮಾಡಿದೆವು. ಆ ಬೀದಿಯ ಗಂಡಸರು ಅಡ್ಡ ನಿಂತರು. ಚಟ್ಟ ಇಳಿಸಿ ಸುತ್ತ ಕೂತೆವು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಬ್ಬೊಬ್ಬರಾಗಿ ಸರಿದರು. ಹೆಂಗಸರೇ ಹೆಗಲು ಕೊಟ್ಟೆವು, ಮುಂದೆ ನಾನಿದ್ದೆ. ಒಂದೊಂದು ಮನೆಯ ಮುಂದೂ, ಬೇಕೆಂದೇ, ನಿಧಾನಕ್ಕೆ ನಡೆದೆವು.