ಒಳಬದಿಯ ಸರಳು

ಆ ಬೇಸಿಗೆಯೆಲ್ಲ ಒಲೀಟಾಳ ಕೂದಲಲ್ಲಿ ಕಚ್ಚಾ ಎಣ್ಣೆಯ ವಾಸನೆ. ಹಳೆಯ ಪೈಪನ್ನು ಗ್ಯಾಸ್ ಕಟರಿನಿಂದ ಕತ್ತರಿಸುವಾಗ ಅದರ ಹೊಟ್ಟೆಯಲ್ಲಿ ಉಳಿದ ಜಿಡ್ಡು ಸುಟ್ಟು ಕಪ್ಪು ಹೊಗೆ ಏಳುತ್ತದೆ. ಎಷ್ಟು ಸೋಪು ತಿಕ್ಕಿದರೂ ಬಿಡುವುದಿಲ್ಲ. ಪಶ್ಚಿಮ ಟೆಕ್ಸಾಸಿನ ಆ ಒಣ ಬಯಲಿನ ಹೆಂಗಸರಿಗೆ ಗಂಡಂದಿರ ಅಂಗಿ ಒಗೆದು ಆ ವಾಸನೆ ಗೊತ್ತು. ಒಂದು ದಿನ ತನ್ನ ತಲೆದಿಂಬಿಗೂ ಅದು ಇಳಿಯುತ್ತದೆಂದು ಅರವತ್ತು ದಾಟಿದ ಒಲೀಟಾ ಎಣಿಸಿರಲಿಲ್ಲ.

ಚಳಿಗಾಲದಲ್ಲಿ ಅವಳ ಗಂಡ ರಾಯ್ಸ್‌ಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಬುದ್ಧಿ ಮಾತ್ರ ನೆಟ್ಟಗಿತ್ತು. ಅದೇ ವರ್ಷ ದನದ ದೊಡ್ಡಿಯ ಮರದ ಬೇಲಿಗೂ ಗೆದ್ದಲು ಹಿಡಿಯಿತು. ಅವರ ಹುಲ್ಲುಗಾವಲಿನಲ್ಲಿದ್ದ ಎಣ್ಣೆಬಾವಿ ಬತ್ತಿದಾಗ ಕಂಪನಿಯವರು ಅದರ ಬಾಯಿಗೆ ಸಿಮೆಂಟು ತುಂಬಿ, ಒಳಗಿಂದ ಎಳೆದ ಪೈಪುಗಳನ್ನೂ ಉದ್ದನೆಯ ಕಬ್ಬಿಣದ ಸರಳುಗಳನ್ನೂ ಅಲ್ಲೇ ಬಿಟ್ಟುಹೋಗಿದ್ದರು. ಪೈಪು ಕಂಬಕ್ಕೆ, ಸರಳು ಅಡ್ಡಕ್ಕೆ. ಆ ಸೀಮೆಯ ದೊಡ್ಡಿಗಳೆಲ್ಲ ಎದ್ದದ್ದು ಹಾಗೇ.

ಪಕ್ಕದ ಹುಲ್ಲುಗಾವಲಿನ ಡ್ವೇನ್ ಒಂದು ಮಧ್ಯಾಹ್ನ ಬಂದು ಟೋಪಿ ತೆಗೆದು ನಿಂತ.

"ಯಾಕಿಷ್ಟು ಒದ್ದಾಡ್ತೀರಿ ಮೇಡಮ್? ದನ ಮಾರಿಬಿಡಿ, ಹುಲ್ಲು ನನಗೆ ಗುತ್ತಿಗೆ ಕೊಡಿ. ಮನೆಯಲ್ಲಿ ಕೂತು ಐಸ್ ಟೀ ಕುಡೀರಿ."

"ಶುಕ್ರವಾರ ಲಾರಿ ಬರುತ್ತೆ. ಮಾರೋ ಕರುಗಳನ್ನ ಇದೇ ದೊಡ್ಡಿಯಿಂದ ಹತ್ತಿಸ್ತೀನಿ," ಅಂದಳು ಒಲೀಟಾ. "ಬೇಲಿ ಮುರಿದುಬಿತ್ತು ಅಂದ್ರೆ ಅವತ್ತೇ ಹುಲ್ಲು ನಿಂದು. ಆಯ್ತಾ?"

ಪಿಕಪ್ ಗಾಡಿಯಲ್ಲಿ ಕೂತಿದ್ದ ರಾಯ್ಸ್ ಕಡೆ ನೋಡಿ ಡ್ವೇನ್ ನಕ್ಕ. "ಕೇಳಿಸ್ಕೊಂಡ್ಯಾ? ನಿನ್ನ ಹೆಂಡತಿ ನಿನ್ನ ಹುಲ್ಲುಗಾವಲನ್ನೇ ಪಣಕ್ಕಿಟ್ಟಳು."

ರಾಯ್ಸ್ ಎಡಗೈಯಿಂದ ಹಾರ್ನ್ ಒತ್ತಿದ. ಒಂದು ಸಲ ಒತ್ತಿದರೆ ಬೇಡ, ಎರಡು ಸಲ ಒತ್ತಿದರೆ ಸರಿ. ಅವನು ಎರಡು ಸಲ ಒತ್ತಿದ.

ವೆಲ್ಡಿಂಗ್ ಯಂತ್ರ ಗಾಡಿಯ ಹಿಂಬದಿಯಲ್ಲಿತ್ತು. ಒಲೀಟಾ ಗಾಡಿಯನ್ನು ಬೇಲಿಯ ಹೊರಗೆ ಜಾಲಿಯ ನೆರಳಲ್ಲಿ ನಿಲ್ಲಿಸುತ್ತಿದ್ದಳು. ರಾಯ್ಸ್‌ಗೆ ಬಿಸಿಲು ತಾಗಬಾರದು. ತಲೆ ಎತ್ತಿದರೆ ಅವನ ಮುಖ ಕಾಣಬೇಕು. ಬೆಸುಗೆ ಅವನು ಕಲಿಸಿದ್ದ ವಿದ್ಯೆಯೇ, ಹಿಂದೆ ಮುರಿದ ಗೇಟುಗಳನ್ನು ಅವಳೇ ಕೂಡಿಸಿದ್ದುಂಟು. ಆದರೆ ದೊಡ್ಡಿಯ ಇಡೀ ಬದಿಯೊಂದನ್ನು ಎಬ್ಬಿಸುವುದೆಂದರೆ ಸೊಂಟ ಮುರಿಯುವ ಕೆಲಸ. ಲಾರಿಗೆ ದನ ಹತ್ತಿಸುವ ಬದಿ ಅದು. ದನಗಳೆಲ್ಲ ಬಂದು ಒತ್ತುವುದು ಅಲ್ಲೇ.

ಕಂಬಗಳನ್ನು ಆಗಲೇ ನೆಟ್ಟಾಗಿತ್ತು; ಬುಧವಾರ ಬೆಳಿಗ್ಗೆ ಸರಳು ಕೂಡಿಸತೊಡಗಿದಾಗಿನಿಂದ ಹಾರ್ನ್ ನಿಲ್ಲಲೇ ಇಲ್ಲ. ಒಂದೊಂದೇ ಸಲ, ಮತ್ತೆ ಮತ್ತೆ.

"ನೀರು ಬೇಕಾ? ಕಿಟಕಿ ಏರಿಸ್ಲಾ? ಹೊರಗೆ ಹೋಗಬೇಕಾ?"

ಎಲ್ಲದಕ್ಕೂ ಒಂದೇ ಸಲ.

"ಹಾಗಾದ್ರೆ ಏನೋ ನಿಂದು? ನನ್ನ ಬೆಸುಗೆ ಚೆನ್ನಾಗಿಲ್ವಾ? ಹಾಗಿದ್ರೆ ನೀನೇ ಎದ್ದು ಬಂದು ಹಾಕು!" ಅಂದುಬಿಟ್ಟಳು. ಅನ್ನಬಾರದಿತ್ತು. ಆದರೂ ಮುಖಕವಚ ಇಳಿಸಿಕೊಂಡು ಕೆಲಸ ಮುಂದುವರಿಸಿದಳು.

ಕೊನೆಯ ಸರಳು ಕೂಡಿಸಿದಾಗ ಹೊತ್ತು ನೆತ್ತಿಯಿಂದ ಆಗಷ್ಟೇ ಜಾರಿತ್ತು. ಕವಚ ಎತ್ತಿ ನೋಡಿದರೆ ರಾಯ್ಸ್ ಗಾಡಿಯ ಬಾಗಿಲಿಗೆ ಹೆಗಲು ಕೊಟ್ಟು ಒಳಗಿಂದ ತಳ್ಳುತ್ತಿದ್ದ, ಥೇಟ್ ದನ ಬೇಲಿಗೆ ಮೈ ಕೊಡುವ ಹಾಗೆ. ಚಿಲಕ ಬಿಟ್ಟು ಬಾಗಿಲು ಹೊರಕ್ಕೆ ಹಾರಿತು. ಅವಳು ಓಡಿಹೋಗಿ ಅವನನ್ನು ತಡೆದು ಹಿಡಿದಳು. ಅವನು ಬೆವರಿದ ಮುಖದಿಂದ ಬೇಲಿಯ ಕಡೆ ಗಲ್ಲ ತೋರಿಸಿದ.

ಆಗ ಹೊಳೆಯಿತು. ಸರಳುಗಳನ್ನೆಲ್ಲ ಅವಳು ಕಂಬದ ಹೊರಬದಿಗೆ ಕೂಡಿಸಿದ್ದಳು. ಒಳಗಿಂದ ದನ ಒತ್ತಿದರೆ ಕಂಬ ತಡೆಯುವುದಿಲ್ಲ, ಬೆಸುಗೆಯೊಂದೇ ತಡೆಯಬೇಕು. ಬೆಸುಗೆ ಬಿಟ್ಟರೆ ಸರಳು ಕಳಚಿ ಬೀಳುತ್ತದೆ. ದೊಡ್ಡಿ ಕಟ್ಟುವವರು ಒಳಗೆ ನಿಂತು ಕಟ್ಟುತ್ತಾರೆ. ಅವಳಿಗೆ ಗೊತ್ತಿಲ್ಲದ್ದಲ್ಲ. ಅವನ ಮುಖ ಕಾಣಲೆಂದು ಹೊರಗೆ ನಿಂತಿದ್ದಳು, ಅಷ್ಟೇ.

ಒಲೀಟಾ ನೆಲದ ಮೇಲೆ ಕೂತಳು. ಅಳು ಬರಲಿಲ್ಲ. ಅದಕ್ಕೂ ಒಂದಿಷ್ಟು ಶಕ್ತಿ ಬೇಕು.

"ಬೈಬೇಕು ಅನ್ನಿಸಿದ್ರೆ ಬೈಕೋ," ಅಂದಳು.

ಅವನು ಎಡಗೈಯನ್ನು ಅವಳ ತಲೆಯ ಮೇಲಿಟ್ಟು, ಎಣ್ಣೆಹೊಗೆ ಮೆತ್ತಿದ ಕೂದಲನ್ನು ಸುಮ್ಮನೆ ಹಿಡಿದುಕೊಂಡ.

ಸ್ವಲ್ಪ ಹೊತ್ತಿಗೆ ಎದ್ದಳು. ಗೇಟು ತೆರೆದು, ಗಾಡಿಯನ್ನು ರಾಯ್ಸ್ ಸಮೇತ ದೊಡ್ಡಿಯ ಒಳಕ್ಕೇ ಹೊಡೆದುಕೊಂಡು ಹೋದಳು. ಅಲ್ಲಿ ನೆರಳಿರಲಿಲ್ಲ, ಒದ್ದೆ ಮಾಡಿದ ಟವೆಲನ್ನು ಅವನ ತಲೆಗೆ ಸುತ್ತಿದಳು. ಆಮೇಲೆ ಗ್ಯಾಸ್ ಹೊತ್ತಿಸಿ, ಬೆಳಗಿನಿಂದ ಕೂಡಿಸಿದ್ದನ್ನೆಲ್ಲ ಒಂದೊಂದಾಗಿ ಬಿಡಿಸತೊಡಗಿದಳು. ಮುಸ್ಸಂಜೆಗೆ ಬದಿಯೆಲ್ಲ ಬೋಳಾಗಿ ಬರೀ ಕಂಬ ಉಳಿಯಿತು. ಗುರುವಾರ ಬೆಳಕು ಹರಿಯುತ್ತಲೇ ಮತ್ತೆ ಶುರುಮಾಡಿದಳು. ಕಂಬದ ಒಳಮೈಗೆ ಸರಳು ಒತ್ತಿ ಹಿಡಿದು, ಕಿಡಿ ಹಾರಿಸಿ, ಮುಂದಿನ ಕಂಬಕ್ಕೆ ಸರಿದಳು. ತೋಳು ಸೋತು ಬೆಸುಗೆ ಅಂಕುಡೊಂಕಾದ ಕಡೆ ಅವನು ಒಂದು ಸಲ ಹಾರ್ನ್ ಒತ್ತುತ್ತಿದ್ದ. ಅವಳು ಎದುರಾಡದೆ ಮತ್ತೆ ಹಾಕುತ್ತಿದ್ದಳು.

ಶುಕ್ರವಾರ ಅಕ್ಕಪಕ್ಕದವರೆಲ್ಲ ಕುದುರೆ ಹತ್ತಿ ಬಂದು ದನ ಅಟ್ಟಿದರು. ಅಲ್ಲಿ ಲಾರಿ ಬರುವ ದಿನ ಯಾರೂ ಕರೆಯದೆಯೇ ಬರುತ್ತಾರೆ. ಕರುಗಳನ್ನು ಬೇರೆ ಮಾಡಿದಾಗ ತಾಯಂದಿರು ರೊಚ್ಚಿಗೆದ್ದು ಒಂದರ ಮೇಲೊಂದು ಬಂದು ಬೇಲಿಗೆ ಬಿದ್ದವು. ಸರಳುಗಳು ಗುಂಯ್ ಎಂದು ಮೊರೆದವು. ಒಲೀಟಾ ಕಣ್ಣು ಮುಚ್ಚಿದಳು. ಮತ್ತೊಮ್ಮೆ ಬಿದ್ದವು. ಮೊರೆತ ನಿಂತಾಗ ಕಣ್ಣು ತೆರೆದಳು; ಬೇಲಿ ನಿಂತಿತ್ತು.

ಡ್ವೇನ್ ಕಂಬಕ್ಕೊಂದು ಒದೆ ಕೊಟ್ಟು ನೋಡಿದ. "ಹುಲ್ಲಿನ ಮಾತು ಮುಂದಿನ ವರ್ಷ ಆಡೋಣ, ಮೇಡಮ್."

"ಮುಂದಿನ ವರ್ಷಾನೂ ಬೇಡ. ಬೀನ್ಸ್ ಬೇಯಿಸಿಟ್ಟಿದೀನಿ, ಮಾಂಸಾನೂ ಇದೆ. ತಿಂದ್ಕೊಂಡು ಹೋಗು."

ಕರುಗಳ ಲಾರಿ ಹೊರಟು, ಎಲ್ಲರೂ ಊಟಕ್ಕೆ ಹೋದಮೇಲೆ ಅವಳು ಗಾಡಿ ಹತ್ತಿ ರಾಯ್ಸ್ ಪಕ್ಕದಲ್ಲಿ ಕೂತಳು. ಖುಷಿಪಡುವಷ್ಟೂ ತ್ರಾಣ ಉಳಿದಿರಲಿಲ್ಲ. "ಉಳೀತು ಕಣೋ," ಅಂದಳು. ಅವನು ಆಗಲೇ ನಿದ್ದೆಹೋಗಿದ್ದ. ದೊಡ್ಡಿಯ ಮೂಡಣ ಬದಿ ಇನ್ನೂ ಗೆದ್ದಲು ತಿಂದ ಮರದ್ದೇ ಇತ್ತು. ಅವಳು ಅದರ ಕಡೆ ತಿರುಗಲಿಲ್ಲ.